ತಡವಾದ ಮುಂಗಾರಿಗೆ ಯಾವ ರಾಗಿ?

ಪ್ರಶ್ನೆ: ಗುಬ್ಬಿ ತಾಲ್ಲೂಕಿನಲ್ಲಿ ನಮಗೆ ಎರಡು ಎಕರೆ ಕೆಂಪು ಮಣ್ಣಿನ ಖುಷ್ಕಿ ಹೊಲವಿದೆ. ಆರಿದ್ರಾ, ಪುನರ್ವಸು ಮಳೆಗಳೆರಡೂ ಕೈಕೊಟ್ಟು ಬಿತ್ತನೆ ನಿಂತಿದೆ. ಆಗಸ್ಟ್ ಮಧ್ಯದಲ್ಲಿ ಹದ ಸಿಕ್ಕರೆ ಮನೆಯಲ್ಲಿರುವ ಎಂ.ಆರ್.-6 ರಾಗಿಯನ್ನೇ ಬಿತ್ತಬಹುದೇ? ಕುಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಏನು ಮಾಡಬೇಕು?
— ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ಎಂ.ಆರ್.-6 ಬೇಡ. ಅದು 120ರಿಂದ 125 ದಿನಗಳ ತಳಿ. ಆಗಸ್ಟ್ 15ಕ್ಕೆ ಬಿತ್ತಿದರೆ ಕುಯ್ಲು ಡಿಸೆಂಬರ್ ಮಧ್ಯಕ್ಕೆ ಹೋಗುತ್ತದೆ. ನಿಮ್ಮ ಸೀಮೆಯಲ್ಲಿ ಹೆಚ್ಚು ಮಳೆ ಸುರಿಯುವುದು ಜೂನ್‌ನಲ್ಲಲ್ಲ, ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ. ಆ ಮಳೆ ಬೀಳುವಾಗ ಪೈರು ತೆಂಡೆಯೊಡೆದು (ಬುಡದಿಂದ ಕವಲೊಡೆದು) ತೆನೆ ಬಿಚ್ಚುವ ಹಂತದಲ್ಲಿರಬೇಕು. ದೀರ್ಘಾವಧಿ ತಳಿಯಾದರೆ ಕಾಳು ಕಟ್ಟುವ ಹೊತ್ತಿಗೆ ಮಳೆ ಹಿಂದೆಗೆದಿರುತ್ತದೆ, ನೀರನ್ನು ಬಹಳ ದಿನ ಹಿಡಿದಿಡಲಾರದ ಕೆಂಪು ಮಣ್ಣು ಒಣಗಿರುತ್ತದೆ, ರಾತ್ರಿಯ ಚಳಿಯೂ ಬೆಳವಣಿಗೆಯನ್ನು ತಡೆಯುತ್ತದೆ.

ಆಗಸ್ಟ್ ಮೊದಲ ವಾರದೊಳಗೆ ಹದ ಸಿಕ್ಕರೆ 110–115 ದಿನಗಳ ಜಿ.ಪಿ.ಯು.-28 ಹಾಕಿ; ಅದು ದಾಟಿದರೆ 95–100 ದಿನಗಳ ಜಿ.ಪಿ.ಯು.-48 ಸೂಕ್ತ. ಕೊಳವೆಬಾವಿಯಲ್ಲೋ ತೆರೆದ ಬಾವಿಯಲ್ಲೋ ಸ್ವಲ್ಪ ನೀರಿದ್ದರೆ ಇನ್ನೂ ಒಳ್ಳೆಯ ದಾರಿಯಿದೆ: ಎಕರೆಗೆ ಸುಮಾರು ಎರಡು ಕಿಲೋ ಬೀಜದಂತೆ ಈಗಲೇ ಒಟ್ಲು (ಸಸಿಮಡಿ) ಹಾಕಿ, 21ರಿಂದ 25 ದಿನಗಳ ಪೈರನ್ನು ಮಳೆ ಬಿದ್ದ ಕೂಡಲೇ ನಾಟಿ ಮಾಡಿ. ಹೊಲ ಮಳೆಗೆ ಕಾಯುತ್ತಿರುವಾಗಲೇ ಪೈರು ಬೆಳೆದಿರುತ್ತದೆ. ಕೂಲಿಯ ಖರ್ಚು ಹೆಚ್ಚುವುದು ನಿಜ, ಆದರೂ ಇಂಥ ವರ್ಷದಲ್ಲಿ ಅದು ದಂಡವಲ್ಲ ಎಂಬುದು ನನ್ನ ಅಭಿಪ್ರಾಯ. ಅಕ್ಕಡಿಯ, ಅಂದರೆ ರಾಗಿಯ ನಡುವೆ ಸಾಲಾಗಿ ಬಿತ್ತುವ, ಅವರೆಯನ್ನು ಬಿಡಬೇಡಿ. ನಾಟಿ ಅವರೆ ಹಗಲು ಕಿರಿದಾದಾಗ ಹೂ ಬಿಡುವುದರಿಂದ, ತಡವಾಗಿ ಬಿತ್ತಿದರೆ ಬಳ್ಳಿ ಚಿಕ್ಕದಾದೀತೇ ಹೊರತು ಕಾಯಿಯ ಕಾಲ ಹೆಚ್ಚು ಸರಿಯುವುದಿಲ್ಲ. ಸೆಪ್ಟೆಂಬರ್‌ವರೆಗೂ ಮಳೆ ಬಾರದಿದ್ದರೆ ಹುರುಳಿಯೇ ಗತಿ.

ತೆನೆ ಬರುವಾಗ ಮೋಡ, ಜಿಟಿಜಿಟಿ ಮಳೆ, ಇಬ್ಬನಿ ಒಟ್ಟಾದರೆ ಕುತ್ತಿಗೆ ಬೆಂಕಿ ರೋಗದ (ತೆನೆಯ ಕತ್ತು ಕಪ್ಪಾಗಿ ಒಣಗುವ ಶಿಲೀಂಧ್ರ ರೋಗ) ಭಯವಿರುವುದರಿಂದ ಯೂರಿಯಾವನ್ನು ಮಿತಿಮೀರಿ ಎರಚಬೇಡಿ.

ಇನ್ನು ಕುಯ್ಲಿನ ಮಾತು. 2021ರ ನವೆಂಬರ್ ಮಳೆಯಲ್ಲಿ ದಕ್ಷಿಣ ಒಳನಾಡಿನ ಎಷ್ಟೋ ಹೊಲಗಳಲ್ಲಿ ರಾಗಿ ತೆನೆಯಲ್ಲೇ ಮೊಳೆಯಿತು. ನೆಟ್ಟಗೆ ನಿಂತ ಪೈರಿನ ತೆನೆಗೆ ಗಾಳಿಯಾಡಿ ನೀರು ಬೇಗ ಆರುತ್ತದೆ. ನೆಲಕ್ಕೊರಗಿದ ಅಥವಾ ಕುಯ್ದು ಅರಿ ಹಾಕಿದ (ಹೊಲದಲ್ಲೇ ಹರಡಿಟ್ಟ) ರಾಗಿ ಒದ್ದೆಯಲ್ಲೇ ಉಳಿದು ಮೊಳೆಯುತ್ತದೆ, ಕಾಳು ಕಪ್ಪಾಗುತ್ತದೆ. ಆದ್ದರಿಂದ ಮಳೆಯ ಮುನ್ಸೂಚನೆಯಿದ್ದಾಗ ಬುಡ ಕುಯ್ಯಬೇಡಿ. ಪೂರ್ತಿ ಮಾಗಿದ್ದರೆ ತೆನೆಯನ್ನಷ್ಟೇ ಕೊಯ್ದು ಸೂರಿನಡಿ ತೆಳ್ಳಗೆ ಹರಡಿ, ಹುಲ್ಲನ್ನು ಬಿಸಿಲು ಬಂದ ಮೇಲೆ ಕುಯ್ಯಿರಿ. ಮಳೆಗೆ ನೆನೆದ ಕಾಳನ್ನು ಬೀಜಕ್ಕೆ ಇಡಬೇಡಿ. ಈಗ ಉಳಿಯುವ ಎಂ.ಆರ್.-6 ಬೀಜವನ್ನು ಚೆನ್ನಾಗಿ ಒಣಗಿಸಿಟ್ಟುಕೊಂಡರೆ ಮುಂದಿನ ವರ್ಷ ಮೊಳಕೆ ಪರೀಕ್ಷಿಸಿ ಬಿತ್ತಬಹುದು.