ಮೆತ್ತಗಿದ್ದರೆ ಸಾಲದು, ಪಾದವನ್ನು ಹಿಡಿದಿರಬೇಕು

ಪ್ರಶ್ನೆ: ಅಮ್ಮನಿಗೆ 74 ವರ್ಷ. ಮನೆಯಲ್ಲಿ ಹಿಂದೆ ಪಟ್ಟಿ ಇಲ್ಲದ ಚಪ್ಪಲಿ ಹಾಕಿಕೊಂಡು ಕಾಲೆಳೆದು ಓಡಾಡುತ್ತಾರೆ, ಆಗಾಗ ಎಡವುತ್ತಾರೆ. ಮೆತ್ತಗಿರಲಿ ಅಂತ ದಪ್ಪ ಸೋಲಿನ ಶೂ ತಂದುಕೊಟ್ಟೆ. ಹಾಕಿ ನಿಂತರೆ ತೂರಾಡಿದ ಹಾಗಾಗುತ್ತೆ ಅಂತ ಮೂಲೆಗಿಟ್ಟಿದ್ದಾರೆ. ಸಂಜೆಗೆ ಪಾದ ಊದುತ್ತದೆ, ಸಕ್ಕರೆ ಕಾಯಿಲೆಯೂ ಇದೆ. ಎಂಥದ್ದು ಕೊಡಿಸಲಿ?

ಉತ್ತರ: ಅಮ್ಮ ಹೇಳಿದ್ದು ಸರಿ. ಅಂಗಾಲಿಗೆ ನೆಲ ಗೊತ್ತಾಗಬೇಕು, ಆಗಲೇ ಮೈ ಆಯ ತಪ್ಪದೆ ನಿಲ್ಲೋದು. ವಯಸ್ಸಾದ ಮೇಲೆ ಆ ಸ್ಪರ್ಶ ಮೊದಲೇ ಮಂಕು, ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಜಾಸ್ತಿ ಮಂಕು, ಅದರ ಮೇಲೆ ದಪ್ಪ ಮೆತ್ತನೆ ಸೋಲ್ ಬಂದರೆ ಹಾಸಿಗೆ ಮೇಲೆ ನಡೆದ ಹಾಗೇ. ಸೋಲ್ ತೆಳ್ಳಗೆ, ಸ್ವಲ್ಪ ಗಟ್ಟಿಯಾಗಿ ಇರಲಿ. ಅಡಿಯಲ್ಲಿ ಗೀರುಗಳಿರಲಿ. ಹಿಮ್ಮಡಿ ಅಗಲವಾಗಿರಲಿ, ಎತ್ತರ 2.5 ಸೆಂ.ಮೀ. ದಾಟೋದು ಬೇಡ.

ಹಿಂದೆ ಪಟ್ಟಿ ಇಲ್ಲದ ಚಪ್ಪಲಿಯನ್ನು ಬೆರಳಿನಿಂದ ಕಚ್ಚಿ ಹಿಡಿದುಕೊಂಡೇ ನಡೆಯಬೇಕು, ಅದಕ್ಕೇ ಕಾಲೆಳೆಯೋದು, ಎಡವೋದು. ಮನೆಯೊಳಗೂ ಹಿಮ್ಮಡಿ ಮುಚ್ಚುವ, ಮೇಲೆ ವೆಲ್ಕ್ರೋ ಪಟ್ಟಿ ಇರುವಂಥದ್ದೇ ಹಾಕಲಿ. ಪಾದ ಊದಿದಾಗ ಪಟ್ಟಿ ಸಡಿಲ ಮಾಡಿಕೊಳ್ಳಬಹುದು, ಬಗ್ಗಿ ಲೇಸ್ ಕಟ್ಟುವ ಕಷ್ಟವೂ ಇಲ್ಲ. ಬರೀ ಸಾಕ್ಸ್ ಹಾಕಿಕೊಂಡು ನುಣುಪು ನೆಲದ ಮೇಲೆ ಓಡಾಡುವುದಂತೂ ಬೇಡವೇ ಬೇಡ.

ಅಂಗಡಿಗೆ ಸಂಜೆ ಹೋಗಿ, ಅಮ್ಮನನ್ನು ಕರೆದುಕೊಂಡೇ ಹೋಗಿ. ವರ್ಷಗಳ ಹಿಂದಿನ ನಂಬರ್ ಹೇಳಿ ಸುಮ್ನೆ ಕಟ್ಟಿಸಿಕೊಂಡು ಬರಬೇಡಿ, ವಯಸ್ಸಾದಂತೆ ಪಾದ ಅಗಲವಾಗುತ್ತದೆ. ನಿಲ್ಲಿಸಿಯೇ ಅಳತೆ ತೆಗೆಸಿ, ಎರಡೂ ಪಾದದ್ದು. ದೊಡ್ಡ ಪಾದಕ್ಕೆ ಸರಿಯಾಗುವುದನ್ನು ಕೊಳ್ಳಿ. ಉದ್ದದ ಬೆರಳಿನ ಮುಂದೆ ಒಂದು ಸೆಂಟಿಮೀಟರಿನಷ್ಟು ಜಾಗ ಇರಲಿ. ಆಮೇಲೆ ಶೂವನ್ನು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ: ಬೆರಳು ಮಡಿಸುವ ಕಡೆ ಬಗ್ಗಿದರೆ ಒಳ್ಳೆಯದು, ನಡುವೆಯೇ ಮಡಚಿಕೊಂಡರೆ ವಾಪಸ್ ಇಡಿ. ಹಿಮ್ಮಡಿಯ ಹಿಂಭಾಗ ಹೆಬ್ಬೆರಳಲ್ಲಿ ಒತ್ತಿದರೆ ಕುಸಿಯಬಾರದು. ಹಾಕಿಕೊಂಡು ಅಲ್ಲೇ ನಡೆದಾಡಲಿ. ಕಚ್ಚುತ್ತಿದ್ದರೆ ಬೇಡ. ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಅಂತ ಅಂಗಡಿಯವರು ಹೇಳೇ ಹೇಳ್ತಾರೆ, ಕೇಳಬೇಡಿ.

ಸಕ್ಕರೆ ಕಾಯಿಲೆ ಅಂದಿರಲ್ವಾ, ಒಳಗಿನ ಹೊಲಿಗೆಗೆ ಕೈ ಹಾಕಿ ನೋಡಿ, ಉಬ್ಬು ತಗ್ಗು ಇರಬಾರದು. ಹಾಕಿಕೊಳ್ಳುವ ಮುಂಚೆ ಪ್ರತಿ ಸಲ ಒಳಗೆ ಕೈಯಾಡಿಸಲಿ, ಸಣ್ಣ ಕಲ್ಲು ಚುಚ್ಚಿದರೂ ಅವರಿಗೆ ಗೊತ್ತಾಗದೇ ಹೋಗಬಹುದು. ರಾತ್ರಿ ಅಂಗಾಲು, ಬೆರಳ ಸಂದು ನೋಡಿ. ಕೆಂಪಗಾಗಿದ್ದರೆ ಆ ಶೂ ನಿಲ್ಲಿಸಿ, ಗಾಯ ಕಂಡರೆ ಕಾಯದೆ ವೈದ್ಯರ ಹತ್ತಿರ ಹೋಗಿ. ಪಾದ ಊದುವುದನ್ನೂ ಒಮ್ಮೆ ತೋರಿಸಿಬಿಡಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿದರೆ ಅವತ್ತೇ ತೋರಿಸಿ.