ಹೆಂಚು ಸೋರಿದರೆ ಖರ್ಚು ಯಾರದು?

ಪ್ರಶ್ನೆ: ಚಿಕ್ಕಮಗಳೂರಿನ ನಮ್ಮ ಹಳೇ ಹೆಂಚಿನ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಜುಲೈ ಮಳೆಗೆ ಸೋರಿತು. ಬಾಡಿಗೆದಾರರು ತಾವೇ ರಿಪೇರಿ ಮಾಡಿಸಿ, ಬಾಡಿಗೆಯಲ್ಲಿ 3,200 ರೂಪಾಯಿ ಹಿಡಿದುಕೊಂಡಿದ್ದಾರೆ. ಇದು ಸರಿಯಾ?

ಉತ್ತರ: ಅವರು ಮೊದಲು ನಿಮಗೆ ಹೇಳಿದ್ದರಾ? ಅದೇ ಮುಖ್ಯ. ಸೂರಿನ ರಿಪೇರಿ ಮಾಲೀಕರದ್ದು ಎಂದು ಕರಾರಿನಲ್ಲಿದ್ದು, ಹೇಳಿದ ಮೇಲೂ ನೀವು ತಡ ಮಾಡಿದ್ದರೆ ಅವರು ಮಾಡಿದ್ದು ಸರಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಇದಕ್ಕೆ ಅವಕಾಶ ಕೊಡುತ್ತದೆ. ಹೇಳದೇ ಮಾಡಿಸಿದ್ದರೆ ಬಿಲ್ ಕೇಳಿ, ಕೂತು ಮಾತಾಡಿ. ಮಳೆಗಾಲದಲ್ಲಿ ಮಕ್ಕಳ ಹಾಸಿಗೆ ನೆನೆಯುತ್ತಿದ್ದರೆ ಯಾರೂ ಸುಮ್ನೆ ಕಾಯಲ್ಲ, ಅಲ್ವಾ?

ನನ್ನ ಮನೆಯೂ ಹೀಗೇ ಸೋರುತ್ತಿತ್ತು. ಎರಡು ಸಲ ಹೆಂಚು ಬದಲಿಸಿದೆ, ನಿಲ್ಲಲಿಲ್ಲ. ಕೊನೆಗೆ ನಾನೇ ಏಣಿ ಹತ್ತಿ ನೋಡಿದೆ. ಎರಡು ಸೂರು ಕೂಡುವ ಮೂಲೆಯ ತಗಡಿನಲ್ಲಿ ಹಲಸಿನ ಎಲೆ ಕೊಳೆತು ಗಟ್ಟಿಯಾಗಿತ್ತು. ಕೆರೆದರೆ ಕೆಳಗೆ ತುಕ್ಕು, ಬೆರಳು ತೂರುವಷ್ಟು ತೂತು. ನೀರು ಅಲ್ಲಿಂದ ಇಳಿದು ಪಕಾಸಿನ (ಹೆಂಚಿನ ಕೆಳಗಿನ ಇಳಿಜಾರು ಮರ) ಗುಂಟ ಹರಿದು ನಡುಮನೆಯಲ್ಲಿ ತೊಟ್ಟಿಕ್ಕುತ್ತಿತ್ತು. ಈಗ ಪ್ರತಿ ಮೇ ತಿಂಗಳಲ್ಲಿ ಆ ಮೂಲೆ ಗುಡಿಸಿ ಚೊಕ್ಕ ಮಾಡಿಸುತ್ತೇನೆ. ಜೂನ್ ಬಂದರೆ ಕೆಲಸದವರು ಸಿಗುವುದೇ ಕಷ್ಟ.

ಮುಂದಿನ ಕರಾರಿನಲ್ಲಿ ಸೂರು, ಗೋಡೆ, ವೈರಿಂಗ್ ನಿಮ್ಮದು, ನಲ್ಲಿ ವಾಷರ್, ಬಲ್ಬು ಅವರದು ಎಂದು ಬರೆಸಿ.