ಮಸಾಲೆ ಡಬ್ಬಿ ಆಮೇಲೆ ತೆಗೆ, ಮೊದಲು ಉಂಡೆ ಕಟ್ಟು

ತಮ್ಮಾ,

ಸ್ವೀಡನ್ನಿನ ಲುಂಡ್‌ಗೆ ಬಂದ ಮೇಲೆ ಓದು ಹೇಗೋ ನಡೆಯುತ್ತಿದೆ, ಊಟದ್ದೇ ತಲೆನೋವು ಅಂತ ಬರೆದಿದ್ದೀಯ. ಕ್ಯಾಂಟೀನಿನ ಮಾಂಸದ ಉಂಡೆ ಸಪ್ಪೆ, ಪಕ್ಕದಲ್ಲಿ ಕೆಂಪು ಜಾಮ್ ಬೇರೆ. ಹಂದಿ ನಿನಗೆ ಸೇರುವುದಿಲ್ಲ. ಬೀಫ್ ಕೈಮಾ ತಂದು ಮಂಗಳೂರಿನಲ್ಲಿ ಅಮ್ಮ ಮಾಡುವ ಹಾಗೆ ಮಾಡಲು ಹೋದರೆ ಬಾಣಲೆಯಲ್ಲೇ ಪುಡಿಪುಡಿ, ಜೊತೆಗೆ ಹಾಸ್ಟೆಲ್ ಕಾರಿಡಾರಿನವರೆಲ್ಲ ಬಳಸುವ ಕಿಚನ್ನಿನ ಹೊಗೆ ಅಲಾರ್ಮ್ ಕೂಗಿ ಎಲ್ಲರೂ ಹೊರಗೆ ಬಂದು ನಿಂತರು. 'ಅಕ್ಕಾ, ಇಲ್ಲಿ ಜನ ಏನು ತಿಂದು ಬದುಕುತ್ತಾರೆ?' ಅಂತ ಕೇಳಿದ್ದೀಯ.

ಕೈಮಾ ತಿಂದೇ ಬದುಕುತ್ತಾರೆ! ನಿಜವಾಗಿಯೂ. ಸ್ವೀಡನ್ನಿನಲ್ಲಿ ಓದುವವರು, ದುಡಿಯುವವರು, ಮಕ್ಕಳಿರುವವರು ಎಲ್ಲರ ಫ್ರಿಜ್ಜಿನಲ್ಲೂ ಒಂದು ಪ್ಯಾಕೆಟ್ ಕೈಮಾ ಇರುತ್ತದೆ. ಭಾನುವಾರ ಮಾಡಿಟ್ಟು ವಾರವಿಡೀ ಡಬ್ಬಿಗೆ ಹಾಕಿಕೊಂಡು ಹೋಗುತ್ತಾರೆ. ಯೂನಿವರ್ಸಿಟಿಯಲ್ಲಿ ಮೈಕ್ರೋವೇವ್‌ಗಳನ್ನು ಸಾಲಾಗಿ ಇಟ್ಟಿರುವುದು ನೋಡಿದ್ದೀಯಲ್ಲ, ಅದು ಈ ಡಬ್ಬಿಗಳಿಗಾಗಿಯೇ. ನೀನೂ ಡಬ್ಬಿಗೆ ಬಂದುಬಿಡು. ದಿನಾ ಹೊರಗೆ ತಿಂದರೆ ವಿದ್ಯಾರ್ಥಿಯ ದುಡ್ಡು ತಿಂಗಳ ಅರ್ಧಕ್ಕೇ ಖಾಲಿ.

ಮೊದಲು ಪ್ಯಾಕೆಟ್ ಓದುವುದನ್ನು ಕಲಿ. 'ನೋಟ್‌ಫೆರ್ಸ್' ಅಂತಿದ್ದರೆ ಪೂರ್ತಿ ಬೀಫ್. 'ಬ್ಲಂಡ್‌ಫೆರ್ಸ್' ಅಂದರೆ ಬೀಫ್ ಜೊತೆ ಹಂದಿ ಬೆರೆತದ್ದು. ಇಲ್ಲಿಯವರ ಮನೆಯ ಉಂಡೆ ಹೆಚ್ಚಾಗಿ ಈ ಬೆರಕೆಯದೇ, ಕ್ಯಾಂಟೀನಿನದೂ ಅದೇ ಇರಬಹುದು, ಕೇಳಿಕೊಂಡೇ ತಿನ್ನು. ಬೆಂಗಳೂರಿನ ನಾಗಸಂದ್ರದ ಐಕಿಯಾದಲ್ಲಿ ತಿಂದದ್ದು ಹೀಗಿರಲಿಲ್ಲ ಅಂದೆಯಲ್ಲ, ಅದು ಕೋಳಿಯದು ಮಾರಾಯ. ಪ್ಯಾಕೆಟ್ ಮೇಲೆ ಕೊಬ್ಬು ಶೇಕಡಾ ಎಷ್ಟು ಅಂತಲೂ ಬರೆದಿರುತ್ತದೆ. ಆರೋಗ್ಯ ಅಂತ ತೀರಾ ಕಡಿಮೆಯದು ತರಬೇಡ, ಉಂಡೆ ಒಣಗಿ ಮರದ ಚೂರಾಗುತ್ತದೆ. 12ರಿಂದ 15ರ ಸುಮಾರು ಸರಿ. ಊರಲ್ಲಿ ಬೀಫ್ ಅಂತ ಸಿಗುವುದು ಬಹುಪಾಲು ವಯಸ್ಸಾದ ಎಮ್ಮೆ ಕೋಣದ್ದು, ಕುಕ್ಕರ್ ಸೀಟಿ ಬೇಕೇ ಬೇಕು. ಇಲ್ಲಿಯ ಮಾಂಸ ಎಳಸು. ಹೊತ್ತು ಕಡಿಮೆ ಸಾಕು, ಆದರೆ ಒಳಗಡೆ ಗುಲಾಬಿ ಉಳಿಯಬಾರದು. ಕೈಮಾವನ್ನು ಕನಿಷ್ಠ 70 ಡಿಗ್ರಿವರೆಗೆ ಬೇಯಿಸಿ ಅಂತ ಇಲ್ಲಿಯ ಆಹಾರ ಇಲಾಖೆಯೂ ಹೇಳುತ್ತದೆ.

ಇನ್ನು ನಿನ್ನ ಉಂಡೆ ಯಾಕೆ ಒಡೆಯಿತು ಅಂತ. ನೀನು ಬರೆದ ಪಟ್ಟಿ ನೋಡಿದೆ. ಗರಂ ಮಸಾಲೆ, ಧನಿಯಾ, ಖಾರದ ಪುಡಿ, ದಪ್ಪ ಹೆಚ್ಚಿದ ಹಸಿ ಈರುಳ್ಳಿ, ಹಸಿಮೆಣಸು, ಒಂದು ಕಟ್ಟು ಕೊತ್ತಂಬರಿ. ಮಸಾಲೆಗೆ ಏನೂ ಕೊರತೆ ಇಲ್ಲ. ಹಿಡಿದಿಡುವುದಕ್ಕೆ ಮಾತ್ರ ಒಂದೂ ಇಲ್ಲ. ಈರುಳ್ಳಿ ನೀರು ಬಿಟ್ಟಿತು, ಮಾಂಸ ಕುಗ್ಗಿತು, ಬಿರುಕು ಬಿಟ್ಟಿತು. ಯಾವ ದೇಶದ ಉಂಡೆ ತಗೊಂಡರೂ ಮಸಾಲೆ ಕೊನೆಯ ಮಾತು. ಮಾಂಸದ ಜೊತೆ ಏನು ಬೆರೆಸಿ ಹಿಡಿದಿಡುತ್ತಾರೆ, ಆಮೇಲೆ ಹುರಿಯುತ್ತಾರೋ, ಸುಡುತ್ತಾರೋ, ನೀರಲ್ಲಿ ಬೇಯಿಸುತ್ತಾರೋ, ಅದರಲ್ಲೇ ಎಲ್ಲ ಇದೆ.

ನೀನು ಬೈದ ಸ್ವೀಡಿಷ್ ಉಂಡೆಯನ್ನೇ ಮೊದಲು ಮಾಡು. ಅಂಗಡಿಯಲ್ಲಿ ಡೆಸಿಲೀಟರ್ (ಅಂದರೆ ನೂರು ಮಿಲೀ) ಅಳತೆಯ ಪ್ಲಾಸ್ಟಿಕ್ ಚಮಚಗಳ ಸೆಟ್ ಸಿಗುತ್ತದೆ, ತಗೊಂಡು ಇಟ್ಟುಕೋ, ಇಲ್ಲಿಯ ಅಡುಗೆಯೆಲ್ಲ ಅದರಲ್ಲೇ. ಅರ್ಧ ಡೆಸಿಲೀಟರ್ ಬ್ರೆಡ್ ಪುಡಿಗೆ ಒಂದೂಕಾಲು ಡೆಸಿಲೀಟರ್ ಹಾಲು ಸುರಿದು 10 ನಿಮಿಷ ಬಿಡು. ಪುಡಿ ಉಬ್ಬಿ ಗಂಜಿಯಂತಾಗುತ್ತದೆ. ಉಂಡೆಯ ಒಳಗೆ ನೀರು ಹಿಡಿದಿಡುವುದು ಅದೇ. ಒಂದು ಈರುಳ್ಳಿಯನ್ನು ತುರಿದು, ಬೆಣ್ಣೆಯಲ್ಲಿ ಬಾಡಿಸಿ, ಆರಲು ಬಿಡು. 500 ಗ್ರಾಂ ಕೈಮಾಕ್ಕೆ ಮೊದಲು ಒಂದು ಟೀ ಚಮಚ ಉಪ್ಪು ಹಾಕಿ ಬರೀ ಕೈಯಲ್ಲಿ ಚೆನ್ನಾಗಿ ನಾದು. ಎರಡು ನಿಮಿಷಕ್ಕೆ ಅದು ಬೆರಳಿಗೆ ಎಳೆ ಎಳೆಯಾಗಿ ಅಂಟುತ್ತದೆ. ಆಗ ಹಾಲಿನ ಗಂಜಿ, ಒಂದು ಮೊಟ್ಟೆ, ಈರುಳ್ಳಿ, ಚಿಟಿಕೆ ಬಿಳಿ ಮೆಣಸು, ಚಿಟಿಕೆ ಆಲ್‌ಸ್ಪೈಸ್ (ಮಸಾಲೆ ಮಿಶ್ರಣ ಅಲ್ಲ, ಚಕ್ಕೆ ಲವಂಗದ ಪರಿಮಳ ಇರುವ ಒಂದೇ ಕಾಳಿನ ಪುಡಿ). ಮಿಶ್ರಣ ತೆಳು ಅನಿಸಿದರೂ ಹೆದರಬೇಡ, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯಾಗುತ್ತದೆ. ಕೈ ಒದ್ದೆ ಮಾಡಿಕೊಂಡು ನಿಂಬೆಹಣ್ಣಿಗಿಂತ ಸಣ್ಣಕ್ಕೆ ಕಟ್ಟು. ಬೆಣ್ಣೆಯ ನೊರೆ ಇಳಿದ ಮೇಲೆ ಹಾಕಿ, ಸೌಟು ಹಾಕದೆ ಬಾಣಲೆಯನ್ನೇ ಅಲ್ಲಾಡಿಸುತ್ತಾ ಹುರಿ. ಅಲಾರ್ಮ್ ಭಯ ಇದ್ದರೆ ಓವನ್ 225 ಡಿಗ್ರಿಗೆ ಇಟ್ಟು 15 ನಿಮಿಷ ಬೇಯಿಸು, ಒಂದನ್ನು ಬಿಡಿಸಿ ನೋಡು. ಹೊಗೆಯೂ ಇಲ್ಲ, ಪಕ್ಕದವರ ಗೊಣಗಾಟವೂ ಇಲ್ಲ.

ಆ ಬಾಣಲೆ ತೊಳೆಯಬೇಡ. ತಳದ ಕಂದು ಬಣ್ಣಕ್ಕೆ ಸ್ವಲ್ಪ ಮೈದಾ, ಸ್ಟಾಕ್ (ಮಾಂಸ ಬೇಯಿಸಿದ ತಿಳಿ ಸಾರು), ಕ್ರೀಮ್, ಕೊನೆಗೆ ಎರಡು ಹನಿ ಸೋಯಾ ಸಾಸ್. ಹೌದು, ಸೋಯಾ ಸಾಸ್, ಇಲ್ಲಿಯ ಅಜ್ಜಿಯರೂ ಹಾಕುತ್ತಾರೆ. ಕೆಂಪು ಜಾಮ್ ಅಂದೆಯಲ್ಲ, ಅದು ಲಿಂಗೊನ್ ಅನ್ನೋ ಕಾಡುಹಣ್ಣು. ಸುಮ್ನೆ ಬೈಯಬೇಡ, ಮೊಸರನ್ನಕ್ಕೆ ಉಪ್ಪಿನಕಾಯಿ ಇದ್ದ ಹಾಗೆ ಅದು ಇದಕ್ಕೆ.

ಈ ಉಂಡೆ ಸ್ವೀಡನ್ನಿನದೇ ಅಲ್ಲ, 18ನೇ ಶತಮಾನದ ಆರಂಭದಲ್ಲಿ ರಾಜ 12ನೇ ಕಾರ್ಲ್ ಟರ್ಕಿಯಿಂದ ತಂದ ಅಡುಗೆ ಅಂತ 2018ರಲ್ಲಿ ದೇಶದ ಅಧಿಕೃತ ಟ್ವಿಟರ್ ಖಾತೆಯೇ ಹಾಕಿ ದೊಡ್ಡ ಗಲಾಟೆಯಾಯಿತು. ರಾಜ 1709ರಲ್ಲಿ ಪೊಲ್ಟಾವಾದಲ್ಲಿ ರಷ್ಯಾದ ಎದುರು ಸೋತು, ಆಟೊಮನ್, ಅಂದರೆ ಆಗಿನ ಟರ್ಕಿ ಸಾಮ್ರಾಜ್ಯದ ನೆಲದಲ್ಲಿ 1714ರವರೆಗೆ ಇದ್ದದ್ದು ನಿಜ. ಉಂಡೆ ತಂದದ್ದಕ್ಕೆ ಮಾತ್ರ ಗಟ್ಟಿ ಪುರಾವೆ ಇಲ್ಲ. ಎರಡನ್ನೂ ತಿಂದರೆ ನಿನಗೇ ಗೊತ್ತಾಗುತ್ತದೆ. ಟರ್ಕಿಯ ಬುರ್ಸಾ ಪ್ರಾಂತ್ಯದ ಇನೆಗೊಲ್ ಊರಿನ ಕೊಫ್ತೆಯಲ್ಲಿ, ಅಂದರೆ ಅಲ್ಲಿಯ ಮಾಂಸದ ಉಂಡೆಯಲ್ಲಿ, ಹಾಲೂ ಇಲ್ಲ, ಆಲ್‌ಸ್ಪೈಸೂ ಇಲ್ಲ. ಮಾಂಸ, ಈರುಳ್ಳಿ, ಉಪ್ಪು, ಅಡುಗೆ ಸೋಡಾ. ಕೆಂಡದ ಮೇಲೆ ಸುಡುವುದು.

ಸೋಡಾದ ಗುಟ್ಟು ಬೋಸ್ನಿಯಾದವರಿಗೂ ಗೊತ್ತು. 1990ರ ದಶಕದ ಯುದ್ಧದಲ್ಲಿ ಸಾವಿರಾರು ಜನ ಇಲ್ಲಿಗೆ ಬಂದರು, ನಿನ್ನ ಪಕ್ಕದ ಊರು ಮಾಲ್ಮೋದಲ್ಲಂತೂ ಬಹಳ ಮಂದಿ ಇದ್ದಾರೆ. ಅವರ ಕೈಮಾ ತಿನಿಸು ಚೆವಾಪಿ ಬೆರಳುದ್ದದ್ದು. ಉಪ್ಪು, ಸೋಡಾ ಹಾಕಿ ನಾದಿದ ಬೀಫನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಮಾರನೇ ದಿನ ಸುಡುತ್ತಾರೆ. ಈರುಳ್ಳಿ ಒಳಗಲ್ಲ, ಪಕ್ಕದಲ್ಲಿ, ಹಸಿಯಾಗಿ. ಮೊದಲ ಸಲ ತಿಂದಾಗ ಖಾರ ಎಲ್ಲಿ ಅಂತ ಹುಡುಕುತ್ತೀಯ. ಎರಡನೇ ಸಲ ಹುಡುಕುವುದಿಲ್ಲ.

ಇಟಲಿಯವರು ನೆನೆಸಿದ ಹಳೇ ಬ್ರೆಡ್ಡಿಗೆ ಚೀಸ್ ಸೇರಿಸುತ್ತಾರೆ, ಅಷ್ಟೇ ವ್ಯತ್ಯಾಸ. ಸ್ಪಗೆಟ್ಟಿ ಮೇಲೆ ದಪ್ಪ ಉಂಡೆ ಕೂರಿಸುವುದು ಅಮೆರಿಕಕ್ಕೆ ಹೋದ ಇಟಲಿಯವರ ಚಾಳಿ. ಮೊರೊಕ್ಕೊದವರು ಟೊಮೆಟೊ ಗೊಜ್ಜಿನಲ್ಲಿ ಸಣ್ಣ ಉಂಡೆ ಬೇಯಿಸಿ, ಮೇಲೆ ಮೊಟ್ಟೆ ಒಡೆದು ಹಾಕುತ್ತಾರೆ. ವಾರದ ಮಧ್ಯದ ರಾತ್ರಿಗೆ ಅದಕ್ಕಿಂತ ಸುಲಭದ್ದು ಇಲ್ಲ.

ಇಂಡೋನೇಷ್ಯಾದ ಬಕ್ಸೋ ಉಂಡೆ ಪೂರ್ತಿ ಬೇರೆ ಜಾತಿ. ಕೊಬ್ಬಿಲ್ಲದ ಬೀಫನ್ನು ಐಸ್ ಮತ್ತು ಮರಗೆಣಸಿನ ಹಿಟ್ಟಿನ ಜೊತೆ ನುಣ್ಣಗೆ ರುಬ್ಬಬೇಕು. ಬಿಸಿಯಾದರೆ ಕೆಟ್ಟಿತು. ಕುದಿಯುವ ಮುಂಚಿನ ನೀರಿಗೆ ಬಿಟ್ಟರೆ ಗಟ್ಟಿಯಾಗಿ ತೇಲಿ ಬರುತ್ತದೆ, ಹಲ್ಲಿಗೆ ಸಿಕ್ಕರೆ ರಬ್ಬರ್ ಚೆಂಡಿನಂತೆ ಪುಟಿಯಬೇಕು. ಹುಡುಗನಾಗಿದ್ದಾಗ ಜಕಾರ್ತಾದಲ್ಲಿದ್ದ ಒಬಾಮಾ 2010ರಲ್ಲಿ ಅಧ್ಯಕ್ಷರಾಗಿ ಅಲ್ಲಿಗೆ ಹೋದಾಗ, ಬೀದಿಯಲ್ಲಿ ಇದನ್ನು ಕೂಗಿ ಮಾರುತ್ತಿದ್ದುದನ್ನು ಭಾಷಣದಲ್ಲಿ ನೆನೆದರು. ನಿನ್ನ ಹತ್ತಿರ ಮಿಕ್ಸಿ ಇಲ್ಲ, ಸದ್ಯ ಬಿಟ್ಟುಬಿಡು.

ನನಗೆ ತೀರಾ ಇಷ್ಟದ್ದು ಇರಾನಿನ ತಬ್ರೀಜ್ ಊರಿನದು. ಮುಷ್ಟಿಗಿಂತ ದೊಡ್ಡ ಉಂಡೆ. ಅಕ್ಕಿ ಮತ್ತು ಹಳದಿ ಬೇಳೆ ಬೇಯಿಸಿ, ಹಿಸುಕಿ, ಕೈಮಾಕ್ಕೆ ಸೇರಿಸಿ ತೋಳು ನೋಯುವವರೆಗೆ ನಾದುತ್ತಾರೆ. ಒಳಗೆ ಹುರಿದ ಈರುಳ್ಳಿ, ಅಕ್ರೋಟು, ಹುಳಿ ಜೆರೆಷ್ಕ್ ಹಣ್ಣು, ಒಂದೊಂದು ಮನೆಯಲ್ಲಿ ಇಡೀ ಬೇಯಿಸಿದ ಮೊಟ್ಟೆ. ಅರಿಶಿನ, ಟೊಮೆಟೊದ ಸಾರಿನಲ್ಲಿ ಮೆಲ್ಲಗೆ ಬೇಯಬೇಕು. ನಾದಿದ್ದು ಕಡಿಮೆಯಾದರೆ ಸಾರಿನಲ್ಲೇ ಕರಗಿಹೋಗುತ್ತದೆ. ಇದನ್ನು ತಿಂದರೆ ನನಗೆ ಮೈಸೂರೇ ನೆನಪಾಗುವುದು. ನಮ್ಮ ಕಡೆ ಕೈಮಾ ಉಂಡೆ ಸಾರಿಗೆ ಹುರಿಗಡಲೆ ಪುಡಿ ಹಾಕಿ ಕಟ್ಟುತ್ತೇವೆ. ಅವರು ಬೇಳೆ, ನಾವು ಕಡಲೆ. ಊರಲ್ಲಿ ಕುರಿ ಮಾಂಸದ್ದು, ಇಲ್ಲಿ ನಾನು ಬೀಫಿನಲ್ಲೇ ಮಾಡುತ್ತೇನೆ. ತೆಂಗಿನಕಾಯಿ, ಶುಂಠಿ, ಬೆಳ್ಳುಳ್ಳಿ, ಚಕ್ಕೆ, ಲವಂಗ ರುಬ್ಬಿದ ಮಸಾಲೆ ಸ್ವಲ್ಪ ಉಂಡೆಗೆ, ಉಳಿದದ್ದು ಸಾರಿಗೆ. 500 ಗ್ರಾಮಿಗೆ ಮೂರು ದೊಡ್ಡ ಚಮಚ ಹುರಿಗಡಲೆ ಪುಡಿ ಸಾಕು, ಜಾಸ್ತಿಯಾದರೆ ಹಿಟ್ಟು ತಿಂದ ಹಾಗೆ. ಕುದಿಯುವ ಸಾರಿಗೆ ಒಂದೊಂದಾಗಿ ಬಿಟ್ಟು, ಅವು ಗಟ್ಟಿಯಾಗುವವರೆಗೆ ಸೌಟು ಮುಟ್ಟಬೇಡ. ಮಸಾಲೆ ಬೇಕು ಅಂತ ಒದ್ದಾಡುತ್ತಿದ್ದೆಯಲ್ಲ, ಅದನ್ನು ಇಲ್ಲಿ ಹಾಕು. ಬೇಯುವುದು ನೀರಿನಲ್ಲಿ, ಹೊಗೆಯ ಮಾತೇ ಇಲ್ಲ.

ಸಾಮಾನಿಗೆ ರೈಲು ಹತ್ತಿ ಮಾಲ್ಮೋಗೆ ಬಾ. ಕಾಲು ಗಂಟೆಯೂ ಹಿಡಿಯುವುದಿಲ್ಲ. ಮೊಲ್ಲೆವೊಂಗ್ ಚೌಕದ ಸಂತೆಯಲ್ಲಿ ತರಕಾರಿ, ಸುತ್ತಲಿನ ಅಂಗಡಿಗಳಲ್ಲಿ ಬೇಳೆ, ಸೊಪ್ಪು, ಜೆರೆಷ್ಕ್. ಹಲಾಲ್ ಮಾಂಸದಂಗಡಿಯಲ್ಲಿ ಕೈಮಾ ತಗೊಂಡರೆ ಕಾರಿಡಾರಿನ ಮುಸ್ಲಿಂ ಹುಡುಗರೂ ನಿನ್ನ ಜೊತೆ ಕೂತು ತಿನ್ನಬಹುದು. ಇಲ್ಲಿಯವರು ತಾವಾಗಿ ಬಂದು ಏನು ಅಡುಗೆ ಅಂತ ಕೇಳುವುದು ಕಡಿಮೆ. ಕೊಟ್ಟರೆ ಮಾತ್ರ ಬೇಡ ಅನ್ನುವುದಿಲ್ಲ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆ ಸುಮಾರಿಗೇ ಹೊತ್ತು ಮುಳುಗುತ್ತದೆ, ರೂಮಿನಲ್ಲಿ ಒಬ್ಬನೇ ಕೂರುವುದಕ್ಕಿಂತ ಕಿಚನ್ನಿನಲ್ಲಿ ನಾದುತ್ತಾ ನಿಲ್ಲುವುದು ವಾಸಿ.

ಒಂದು ವಿಷಯ ಮಾತ್ರ ನೆನಪಿಡು. ಯುಗಾದಿ, ರಾಜ್ಯೋತ್ಸವ ಅಂತ ನಮ್ಮ ಕನ್ನಡದವರು ಮನೆಯಿಂದ ಅಡುಗೆ ತಂದು ಸೇರಿದಾಗ ಬೀಫ್ ಡಬ್ಬಿ ತರಬೇಡ, ಅಲ್ಲಿ ತಿನ್ನದವರೇ ಜಾಸ್ತಿ. ರೂಮಿನ ಗೆಳೆಯ ತಿನ್ನದವನಾದರೆ ಬಾಣಲೆಯನ್ನೂ ಬೇರೆ ಇಟ್ಟುಕೋ. ಕೇಳಿದವರಿಗೆ ಇದು ಬೀಫ್ ಅಂತ ನೇರವಾಗಿ ಹೇಳು. ಮುಚ್ಚಿಟ್ಟರೆ ಆಮೇಲೆ ಕಷ್ಟ.

ಹುರಿಗಡಲೆ ಸಿಗದಿದ್ದರೆ ಹೇಳು, ನಮ್ಮ ಮನೆಯಲ್ಲಿ ಒಂದು ಕಿಲೋ ಬಿದ್ದಿದೆ.